ಒಡಿಸಿಯಲ್ಲಿ ಔತ್ಸುಕ್ಯದ ನಿರ್ವಾಹ

ಕಥೆಯ ಕೊನೆಯು ಮೊದಲೇ ತಿಳಿದುಹೋದರೆ ಕೇಳುವವರ ಔತ್ಸುಕ್ಯವು ಕುಂದುವುದೆಂಬ ಅಭಿಪ್ರಾಯವು ರೂಢಿಯಲ್ಲಿದೆ. ಗ್ರೀಕರ ಮಹಾಕಾವ್ಯವಾದ ಒಡಿಸಿಯ ವಸ್ತುರಚನೆಯು ಇದಕ್ಕೆ ಪ್ರಬಲವಾದ ಪ್ರತ್ಯುತ್ತರವಾಗಿದೆ. ೨೦ ವರ್ಷ ದೂರವಿದ್ದ ಒಡಿಸ್ಯೂಸನು ತನ್ನ ಇಥಾಕಾ ದ್ವೀಪಕ್ಕೆ ಹಿಂದಿರುಗುವನೆಂಬುದನ್ನು ಹೋಮರನು ಮುಚ್ಚಿಡುವುದಕ್ಕೆ ಯತ್ನಿಸಿಯೇ ಇಲ್ಲ. ೫ನೆಯ ಸರ್ಗದಲ್ಲಿ ನಾಯಕನು ಕಣ್ಣಿಗೆ ಬೀಳುವುದಕ್ಕೆ ಮುಂಚೆಯೇ ದೇವರಾಜನಾದ ಜ್ಯೂಸನ ಬಾಯಿಂದ ಅದನ್ನು ಹೇಳಿಸಿದ್ದಾನೆ.

ಹಾಗಾದರೆ ಔತ್ಸುಕ್ಯಕ್ಕೆ ಆಶ್ರಯವೆಲ್ಲಿ? ಕಾವ್ಯದ ೨೪ ಸರ್ಗಗಳಲ್ಲಿ ೧೩ನೆಯದರಲ್ಲಿಯೇ ನಾಯಕನು ತಾಯ್ನೆಲವನ್ನು ಮುಟ್ಟುತ್ತಾನೆ. ಇದು ಬರಿಯ ಸಮುದ್ರಸಾಹಸದ ಕಥೆಯಾಗಿದ್ದ ಪಕ್ಷದಲ್ಲಿ ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಅವನ ಮನೆಯಲ್ಲಿ ಪೆನೆಲೊಪೆಯನ್ನು ವರಿಸಬಯಸಿದ ೧೦೮ ಮಂದಿ ಬೀಡುಬಿಟ್ಟಿದ್ದಾರೆ. ಮನೆಗೆ ಮರಳಿ ಹತನಾದ ಅಗಮೆಮ್ನಾನನ ಪ್ರೇತವು, ಗುಪ್ತವಾಗಿ ಊರು ಸೇರೆಂದು ೧೧ನೆಯ ಸರ್ಗದಲ್ಲಿ ಎಚ್ಚರಿಸಿದೆ. ಆದುದರಿಂದ ಉತ್ತರಾರ್ಧದಲ್ಲಿ ನಾಯಕನು ಭಿಕ್ಷುಕವೇಷದಲ್ಲಿ ಸುಳಿಯುತ್ತಾನೆ. ‘ಮುಂದೇನು ನಡೆಯುವುದು’ ಎಂಬ ಪ್ರಶ್ನೆಯ ಸ್ಥಾನದಲ್ಲಿ ‘ಇವನಾರೆಂಬುದು ಯಾರಿಗೆ, ಯಾವಾಗ ತಿಳಿಯುವುದು’ ಎಂಬ ಪ್ರಶ್ನೆಯು ನಿಲ್ಲುತ್ತದೆ.

ಇದರ ಮರ್ಮವು ೧೯ನೆಯ ಸರ್ಗದಲ್ಲಿ ಸ್ಫುಟವಾಗುತ್ತದೆ. ವೃದ್ಧದಾದಿಯಾದ ಯೂರಿಕ್ಲಿಯಾ ಅತಿಥಿಯ ಕಾಲು ತೊಳೆಯಲು ಬರುತ್ತಾಳೆ. ಮೊಳಕಾಲಿನ ಮೇಲಣ ಹಳೆಯ ಗಾಯದ ಕಲೆಯನ್ನು ಆಕೆ ಗುರುತಿಸಿಯಾಳೆಂದು ಅವನು ಕತ್ತಲೆಯ ಕಡೆಗೆ ತಿರುಗಿ ಕೂರುತ್ತಾನೆ. ಆಕೆ ಅದನ್ನು ಗುರುತಿಸಿದೊಡನೆಯೇ ಕವಿಯು ಪ್ರಸಂಗವನ್ನು ನಿಲ್ಲಿಸಿ, ಅಜ್ಜನಾದ ಆಟೋಲಿಕಸನು ಶಿಶುವಿಗೆ ಹೆಸರಿಟ್ಟುದನ್ನೂ ಪಾರ್ನಾಸಸ್ ಬೆಟ್ಟದ ಹಂದಿಬೇಟೆಯಲ್ಲಿ ಗಾಯವಾದುದನ್ನೂ ಸುಮಾರು ೭೦ ಪಂಕ್ತಿಗಳಲ್ಲಿ ವರ್ಣಿಸುತ್ತಾನೆ. ಜರ್ಮನ್ ವಿದ್ವಾಂಸ ಎರಿಖ್ ಔವರ್‌ಬಾಖ್, ೧೯೪೬ರಲ್ಲಿ ಪ್ರಕಟವಾದ ‘ಮಿಮೆಸಿಸ್’ ಗ್ರಂಥದಲ್ಲಿ, ಈ ಉಪಕಥೆಯು ಔತ್ಸುಕ್ಯವನ್ನು ಹೆಚ್ಚಿಸುವುದಕ್ಕಲ್ಲ, ಸಡಿಲಿಸುವುದಕ್ಕೆ ಬಂದುದೆಂದು ವಾದಿಸಿದನು. ಉಪಕಥೆಯನ್ನು ಮಾತ್ರ ಬೇರ್ಪಡಿಸಿ ನೋಡಿದರೆ ಈ ವಾದವು ಒಪ್ಪತಕ್ಕದ್ದೇ. ಸಂದರ್ಭದೊಡನೆ ನೋಡಿದರೆ ಅಲ್ಲ. ಪೆನೆಲೊಪೆ ಅಲ್ಲಿಯೇ ಕುಳಿತಿದ್ದಾಳೆ. ನಾಯಕನ ಭಯವು ಶ್ರೋತೃಗಳಿಗೆ ಆಗಲೇ ಗೊತ್ತಾಗಿದೆ. ಹೆಸರನ್ನು ಮರೆಸಬೇಕಾದ ಕ್ಷಣದಲ್ಲಿಯೇ ಆ ಹೆಸರು ಹುಟ್ಟಿದ ಬಗೆಯನ್ನು ಕವಿಯು ಹೇಳುತ್ತಿದ್ದಾನೆ. ಉಪಕಥೆ ಮುಗಿದೊಡನೆ ದಾದಿಯ ಕೈಯಿಂದ ಕಾಲು ಜಾರಿ, ಪಾತ್ರೆ ಉರುಳಿ, ನೀರು ಚೆಲ್ಲುತ್ತದೆ. ಒಡಿಸ್ಯೂಸನು ಸಾಕಿದವಳ ಕೊರಳನ್ನೇ ಹಿಡಿದು, ಸುಮ್ಮನಿರದಿದ್ದರೆ ಕೊಲ್ಲುವೆನೆನ್ನುತ್ತಾನೆ. ವಿಳಂಬವು ಇಲ್ಲಿ ವಿಶ್ರಾಂತಿಯಲ್ಲ, ಹಿಡಿದಿಟ್ಟ ಉಸಿರು. ಅರಿಸ್ಟಾಟಲನು ಕಾವ್ಯಮೀಮಾಂಸೆಯಲ್ಲಿ, ಹಂದಿಗಾಹಿಗಳಿಗೆ ನಾಯಕನು ತಾನಾಗಿ ಕಲೆಯನ್ನು ತೋರಿಸುವ ಪ್ರಸಂಗಕ್ಕಿಂತ, ಅನಿರೀಕ್ಷಿತವಾಗಿ ಒದಗಿದ ಈ ಅಭಿಜ್ಞಾನವೇ ಮೇಲೆಂದು ಎಣಿಸಿರುವುದೂ ಗಮನಾರ್ಹ.

ಇಲ್ಲಿಯವರೆಗೆ ಶ್ರೋತೃಗಳು ನಾಯಕನ ಪಕ್ಷದವರು. ಅವನಿಗೆ ತಿಳಿದುದೆಲ್ಲವೂ ಅವರಿಗೂ ತಿಳಿದಿದೆ. ೨೩ನೆಯ ಸರ್ಗದಲ್ಲಿ ಈ ಸಂಬಂಧವು ತಲೆಕೆಳಗಾಗುತ್ತದೆ. ದಂಪತಿಗಳಿಬ್ಬರಿಗೇ ಗೊತ್ತಿರುವ ಗುರುತುಗಳುಂಟೆಂದು ಪೆನೆಲೊಪೆ ನುಡಿಯುತ್ತಾಳೆ. ಅವು ಯಾವುವೆಂದು ಹೇಳುವುದಿಲ್ಲ. ಆಮೇಲೆ ಮಂಚವನ್ನು ಹೊರಗೆ ಹಾಕೆಂದು ದಾದಿಗೆ ಅಪ್ಪಣೆ ಕೊಡುತ್ತಾಳೆ. ಬೇರೂರಿದ ಆಲಿವ್ ಮರದ ಬುಡವನ್ನೇ ಕಾಲಾಗಿಸಿ ತಾನು ಕಟ್ಟಿದ ಮಂಚವನ್ನು ಯಾರು ಕದಲಿಸಿದರೆಂದು ಒಡಿಸ್ಯೂಸನು ಸಿಡಿದೇಳುತ್ತಾನೆ. ಸೈಕ್ಲೋಪನ ಗುಹೆಯಲ್ಲಿಯೂ ವರಾರ್ಥಿಗಳ ಏಟಿನಲ್ಲಿಯೂ ಅಡಗಿಸಿಕೊಂಡಿದ್ದ ಕೋಪವು ಇಲ್ಲಿ ಅವನ ಹಿಡಿತವನ್ನು ಮೀರುತ್ತದೆ. ಎಲ್ಲರನ್ನೂ ಪರೀಕ್ಷಿಸಿದವನು ತಾನೇ ಪರೀಕ್ಷಿತನಾಗುತ್ತಾನೆ. ಮಂಚದ ರಹಸ್ಯವನ್ನು ಕವಿಯು ಶ್ರೋತೃಗಳಿಗೂ ಹೇಳದೆ ಇಟ್ಟಿದ್ದುದರಿಂದ ಅವರೂ ಅವನೊಡನೆ ಸೋಲುತ್ತಾರೆ.

ಅಲೆಕ್ಸಾಂಡ್ರಿಯದ ವಿಮರ್ಶಕರಾದ ಬೈಜಾಂಟಿಯಮ್ಮಿನ ಅರಿಸ್ಟೋಫೆನೀಸನೂ ಅರಿಸ್ಟಾರ್ಕಸನೂ ದಂಪತಿಗಳು ಶಯನಾಗಾರವನ್ನು ಸೇರುವ ೨೩ನೆಯ ಸರ್ಗದ ೨೯೬ನೆಯ ಪಂಕ್ತಿಯನ್ನೇ ಕಾವ್ಯದ ಕೊನೆಯೆಂದು ಎಣಿಸಿದರೆಂದು ಪ್ರಾಚೀನ ಟಿಪ್ಪಣಿಗಳು ತಿಳಿಸುತ್ತವೆ. ಮುಂದಿನ ಭಾಗವು ಹೋಮರನದೇ ಎಂಬ ವಿವಾದವು ಹೇಗೆಯೇ ತೀರಲಿ, ಔತ್ಸುಕ್ಯದ ಗಂಟು ಬಿಚ್ಚುವುದು ಅಲ್ಲಿಯೇ ಎಂಬುದರಲ್ಲಿ ಸಂದೇಹವಿಲ್ಲ. ವೀರನು ಮನೆ ಸೇರಿದುದು ೧೩ನೆಯ ಸರ್ಗದಲ್ಲಲ್ಲ, ತನ್ನ ಬಾಯಿಂದಲೇ ಸಿಕ್ಕಿಬಿದ್ದ ಈ ಗಳಿಗೆಯಲ್ಲಿ.