ಚೀಲ ಖಾಲಿಯಾಗದ ಬೆಳಗು

ಮನೆಯಲ್ಲಿ ನಾಲ್ಕಾರು ಕೋಳಿ ಸಾಕಿದವರು ಅವುಗಳ ಕಾಯಿಲೆ ಹುಡುಕುವುದು ಸಾಮಾನ್ಯವಾಗಿ ಸಂಜೆ ಹೊತ್ತು. ಕೆಲಸದಿಂದ ಬಂದು, ಚಹಾ ಕುಡಿದು, ಗೂಡಿನ ಮುಂದೆ ನಿಂತಾಗ ಒಂದು ಹ್ಯಾಟೆಯ ಕೊರಳ ಬುಡದಲ್ಲಿ, ಬಲಮಗ್ಗುಲಿಗೆ, ಉಬ್ಬು ಕಾಣುತ್ತದೆ. ಅಲ್ಲಿಗೆ ಗಾಬರಿ ಶುರು. ಫೋಟೊ ಬರುತ್ತದೆ, ಹಿಂದೆಯೇ ಫೋನೂ ಬರುತ್ತದೆ: ಗಡ್ಡೆ ಆಗಿದೆ, ಎಂತ ಮಾಡುವುದು? ನನ್ನ ಉತ್ತರ ಯಾವಾಗಲೂ ಒಂದೇ. ಈಗ ಏನೂ ಮಾಡಬೇಡಿ. ಗೂಡಿಗೆ ಹಾಕಿ, ಮೇವು ತೆಗೆದುಬಿಡಿ, ಬೆಳಿಗ್ಗೆ ಒಂದು ಕಾಳೂ ಹಾಕುವ ಮೊದಲು ಮುಟ್ಟಿ ನೋಡಿ.

ಸಂಜೆ ಆ ಉಬ್ಬು ಇರಲೇಬೇಕು. ಅನ್ನನಾಳ ಎದೆಗೂಡಿನೊಳಗೆ ಇಳಿಯುವ ಮುನ್ನ ಅಗಲವಾಗಿ ಹಿಗ್ಗಿದ ಮೇವಿನ ಚೀಲ ಅದು, ಡಾಕ್ಟರುಗಳ ಬಾಯಲ್ಲಿ ಕ್ರಾಪ್. ಹಲ್ಲಿಲ್ಲದ, ಬಯಲಲ್ಲಿ ನಿಂತು ನಿಧಾನವಾಗಿ ಮೇಯುವ ಧೈರ್ಯವೂ ಇಲ್ಲದ ಪ್ರಾಣಿ ಕೋಳಿ. ಸಿಕ್ಕಿದ್ದನ್ನು ಗಬಗಬನೆ ನುಂಗಿ ಚೀಲಕ್ಕೆ ತುಂಬಿಕೊಳ್ಳುತ್ತದೆ. ಅಲ್ಲಿ ನೆನೆದು ಮೆತ್ತಗಾದದ್ದು ಸ್ವಲ್ಪಸ್ವಲ್ಪವೇ ಕೆಳಗಿಳಿದು, ಜೀರ್ಣರಸ ಸೇರುವ ಹೊಟ್ಟೆಯನ್ನು ದಾಟಿ, ಗಿಜರ್ಡು ಎಂಬ ಅರೆಯುವ ಹೊಟ್ಟೆಯಲ್ಲಿ ಕಲ್ಲುಹರಳುಗಳ ನಡುವೆ ನುಣ್ಣಗಾಗುತ್ತದೆ. ಕತ್ತಲಾಗುವ ಮುಂಚಿನ ಒಂದು ಗಂಟೆಯಲ್ಲಿ ಕೋಳಿ ಹೆಚ್ಚು ತಿನ್ನುವುದು ರಾತ್ರಿಗೆ ಬುತ್ತಿ ಕಟ್ಟಿಕೊಳ್ಳಲಿಕ್ಕೆ. ಬೆಳಗಾಗುವಷ್ಟರಲ್ಲಿ ಆ ಬುತ್ತಿ ಮುಗಿದು, ಚೀಲ ಚಪ್ಪಟೆಯಾಗಿ, ಇದೆಯೋ ಇಲ್ಲವೋ ಎನ್ನುವಂತಿರಬೇಕು. ಹಕ್ಕಿಗಳ ಈ ಚೀಲವನ್ನು ಅರಿಸ್ಟಾಟಲ್ ಕೂಡ ಗುರುತಿಸಿ ಬರೆದಿದ್ದಾನೆ. ಆದರೆ ಇಷ್ಟು ಹಳೆಯ ತಿಳಿವಳಿಕೆ ನಮ್ಮ ಬೆರಳಿಗೆ ಇನ್ನೂ ಬಂದಿಲ್ಲ. ನಾವು ಕೋಳಿಯನ್ನು ಕಣ್ಣಲ್ಲಿ ನೋಡುತ್ತೇವೆ, ಕೈಯಲ್ಲಿ ನೋಡುವುದಿಲ್ಲ.

ಇದನ್ನು ಕೊಚ್ಚಿ ಮತ್ತು ತಿರುವನಂತಪುರದ ಕೋಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಪೇಟೆಯ ಮನೆಯಲ್ಲಿ ಕೋಳಿ ಸಾಕುವ ಹುರುಪು ಅಲ್ಲಿ ಇರುವಷ್ಟು ನಮ್ಮ ಬೆಂಗಳೂರಿನಲ್ಲಿಲ್ಲ. ತಿರುವನಂತಪುರದ ಪೇಟ್ಟದಲ್ಲಿ ಕಚೇರಿ ಇಟ್ಟುಕೊಂಡಿರುವ ರಾಜ್ಯ ಕೋಳಿ ಅಭಿವೃದ್ಧಿ ನಿಗಮ, ಅಂದರೆ ಕೆಪ್ಕೊ, 'ನಗರಪ್ರಿಯ' ಎಂಬ ಯೋಜನೆಯಲ್ಲಿ ಐದು ಕೋಳಿ, ಒಂದು ಗೂಡು, ಜೊತೆಗೆ ಮೇವನ್ನೂ ಪೇಟೆಯ ಮನೆಗಳಿಗೆ ಕೊಟ್ಟಿದೆ. ನಗರದ ಕುಡಪ್ಪನಕುನ್ನಿನಲ್ಲೂ ಎರ್ನಾಕುಳಂ ಜಿಲ್ಲೆಯ ಕೂವಪ್ಪಡಿಯಲ್ಲೂ ಸರ್ಕಾರಿ ಕೋಳಿ ಫಾರ್ಮುಗಳಿವೆ. ಮಣ್ಣುತ್ತಿಯಲ್ಲಿ ರೂಪುಗೊಂಡ ಗ್ರಾಮಲಕ್ಷ್ಮಿ, ಬಿವಿ 380 ಎಂಬ ಕಂದು ಮೊಟ್ಟೆಯ ಕೋಳಿ, ನಮ್ಮ ಹೆಬ್ಬಾಳದಿಂದ ಹೋದ ಗಿರಿರಾಜ, ಎಲ್ಲವೂ ಅಲ್ಲಿನ ತಾರಸಿ ಹತ್ತಿವೆ. ಒಂದು ದಿನದ ಮರಿಯನ್ನು ಸಾಕಿ ನಲವತ್ತೈದು ಅರುವತ್ತು ದಿನಕ್ಕೆ ಮಾರುವ 'ಎಗ್ಗರ್ ನರ್ಸರಿ' ಎಂಬ ಏರ್ಪಾಡೂ ಇದೆ. ಮನೆಯವರಿಗೆ ಕಾವು ಕೊಡುವ ಕಷ್ಟ ತಪ್ಪುತ್ತದೆ, ಮೊದಲ ಲಸಿಕೆಗಳೂ ಮುಗಿದಿರುತ್ತವೆ.

ಚೀಲದ ತೊಂದರೆ ಹುಟ್ಟುವುದು ಈ ಕೈಬದಲಾವಣೆಯ ಹೊತ್ತಿನಲ್ಲೇ. ಅಲ್ಲಿಯವರೆಗೆ ಪುಡಿಮೇವನ್ನಷ್ಟೇ ತಿಂದ ಹಕ್ಕಿ ಹೊಸ ಮನೆಗೆ ಬರುತ್ತದೆ. ಹೊಸಬರಿಗೆ ಪ್ರೀತಿ ಹೆಚ್ಚು. ರಾತ್ರಿ ಉಳಿದ ಕುಚ್ಚಲಕ್ಕಿ ಅನ್ನ, ಮರಗೆಣಸಿನ ಸಿಪ್ಪೆ, ಹಲಸಿನ ಕಾಲವಾದರೆ ತೊಳೆಯ ಸುತ್ತಲಿನ ಎಳೆಗಳು, ಹಿತ್ತಲಿನಿಂದ ಕಿತ್ತ ಮೊಳದುದ್ದದ ಹುಲ್ಲು, ಎಲ್ಲವೂ ಒಂದೇ ದಿನ ಗೂಡಿಗೆ ಬೀಳುತ್ತವೆ. ಸರಳಿನ ಗೂಡಿನಲ್ಲಿರುವ ಕೋಳಿಗೆ ಕಾಲಡಿ ನೆಲವಿಲ್ಲ, ನೆಲವಿಲ್ಲದ ಮೇಲೆ ಹರಳೂ ಇಲ್ಲ. ಬರೀ ಪುಡಿಮೇವು ತಿನ್ನುವಷ್ಟು ದಿನ ಹರಳಿಲ್ಲದೆಯೂ ನಡೆಯುತ್ತದೆ. ಹುಲ್ಲು ಹಾಕಿದಿರೋ, ಅರೆಯುವ ಕಲ್ಲಿಲ್ಲದ ಗಿಜರ್ಡು ಕೈಚೆಲ್ಲುತ್ತದೆ, ಮೇಲಿನ ಚೀಲದಲ್ಲಿ ಸರಕು ಜಮೆಯಾಗುತ್ತದೆ. ಹಿತ್ತಲಲ್ಲಿ ಕೆದಕಿಕೊಂಡಿರುವ ಊರಕೋಳಿಗೆ ಈ ಕಷ್ಟ ಅಪರೂಪ. ಹುಲ್ಲಿನ ತುದಿಯನ್ನು ಅದೇ ಕುಟುಕಿ ತುಂಡು ಮಾಡಿ ತಿನ್ನುತ್ತದೆ. ಗೂಡಿಗೆ ಎಸೆದ ಉದ್ದ ಎಸಳಿಗೆ ಹಿಡಿತವಿಲ್ಲ, ಹಾಗೇ ನುಂಗಬೇಕು.

ಕೊಚ್ಚಿಯಲ್ಲಿ ಹರಳಿನ ಕೊರತೆಗೆ ಒಂದು ಜಾಣ ಪರಿಹಾರ ಕಂಡುಕೊಂಡಿದ್ದಾರೆ, ಅದು ತಪ್ಪು ಪರಿಹಾರ. ವೇಂಬನಾಡು ಹಿನ್ನೀರಿನ ಕಪ್ಪು ಚಿಪ್ಪಿನ ರಾಶಿ ಅಲ್ಲಿ ಬೇಕಾದಷ್ಟು. ಅದನ್ನು ಜಜ್ಜಿ ಮರಿಗಳ ಮುಂದಿಡುತ್ತಾರೆ. ಚಿಪ್ಪು ಸುಣ್ಣ, ಹೊಟ್ಟೆಯ ಹುಳಿಗೆ ಕರಗಿಹೋಗುತ್ತದೆ, ಏನನ್ನೂ ಅರೆಯುವುದಿಲ್ಲ. ಮೊಟ್ಟೆಯಿಡುವ ಕೋಳಿಗೆ ಅದು ಅಮೃತ. ಇನ್ನೂ ಮೊಟ್ಟೆಯಿಡದ ಹ್ಯಾಟೆಗೆ ಅತಿಯಾದ ಸುಣ್ಣ ಮೂತ್ರಪಿಂಡಕ್ಕೆ ಭಾರ. ಮರಿಗೆ ಬೇಕಾದದ್ದು ಕರಗದ ಕಲ್ಲು: ಜಲ್ಲಿ ಕ್ರಷರಿನ ಸಣ್ಣ ಹರಳನ್ನು ಧೂಳು ಹೋಗುವಂತೆ ಜಾಲಿಸಿ, ತೊಳೆದು, ಬೇರೊಂದು ಬಟ್ಟಲಿನಲ್ಲಿ ಇಟ್ಟರಾಯಿತು. ಬೇಕಾದಷ್ಟನ್ನು ಅದೇ ಆರಿಸಿಕೊಳ್ಳುತ್ತದೆ.

ತಿರುವನಂತಪುರದಲ್ಲಿ ಕಂಡ ಒಂದು ಹ್ಯಾಟೆಯ ವಿಷಯ ಹೇಳಲೇಬೇಕು. ಕಾಸರಗೋಡಿನ ಕಡೆಯಿಂದ ಸರ್ಕಾರಿ ಕೆಲಸಕ್ಕೆಂದು ಅಲ್ಲಿ ನೆಲೆಸಿದ ಕುಟುಂಬ. ತಾರಸಿಯಲ್ಲಿ ಗೂಡು, ಅದರ ಸುತ್ತ ಗ್ರೋಬ್ಯಾಗುಗಳಲ್ಲಿ ಬದನೆ, ಬೆಂಡೆ, ಹಸಿಮೆಣಸು. ಸಂಜೆ ಅರ್ಧ ಗಂಟೆ ಕೋಳಿಗಳನ್ನು ಹೊರಬಿಡುವುದು ರೂಢಿ.

"ಎಣ್ಣೆ ಕುಡಿಸಿ ಆಯಿತು, ತಲೆಕೆಳಗೆ ಹಿಡಿದೂ ಆಯಿತು, ಹೋಗುವುದೇ ಇಲ್ಲ ಮಾರಾಯ್ರೆ," ಅಂದರು ಮನೆಯ ಅಕ್ಕ.

"ತಲೆಕೆಳಗೆ ಯಾಕೆ ಹಿಡಿದಿರಿ ಅಕ್ಕಾ?"

"ವಾಂತಿ ಆದರೆ ಒಳ್ಳೆಯದಲ್ವಾ?"

ಹಕ್ಕಿಯನ್ನು ಮಡಿಲಲ್ಲಿ ಇರಿಸಿಕೊಂಡು, ರೆಕ್ಕೆಗಳನ್ನು ಮೊಣಕೈಯಿಂದ ಒತ್ತಿ, ಹೆಬ್ಬೆರಳು ತೋರುಬೆರಳ ನಡುವೆ ಚೀಲವನ್ನು ಹಿಡಿದೆ. ಗಟ್ಟಿ. ಬೆರಳು ಒತ್ತಿದ ಗುಳಿ ಹಾಗೇ ಉಳಿಯಿತು. ಮೇಲ್ಭಾಗದಲ್ಲಿ ಒರಟಾದ, ಎಳೆಎಳೆಯಾದ ಏನೋ ಒಂದು ಚರ್ಮದಡಿ ಸರಿದಾಡಿತು. ಕೊಕ್ಕು ಬಿಡಿಸಿ ನೋಡಿದರೆ ನಾಲಿಗೆಯ ಬುಡಕ್ಕೆ ಕಂದು ದಾರವೊಂದು ಸುತ್ತಿಕೊಂಡಿತ್ತು: ತೆಂಗಿನ ನಾರು. ಗ್ರೋಬ್ಯಾಗಿಗೆ ತುಂಬಿದ್ದ ನಾರಿನ ಪುಡಿಯಲ್ಲಿ ಉದ್ದ ಎಳೆಗಳೂ ಇದ್ದವು, ಹುಳ ಹುಡುಕುತ್ತ ಕೋಳಿ ಅವನ್ನೂ ನುಂಗಿತ್ತು. ಎಳೆದು ತೆಗೆಯೋಣವೇ ಎಂದರು ಅವರ ಮಗ. ಬೇಡ. ಒಳಗೆ ಉಂಡೆಗಟ್ಟಿದ ದಾರವನ್ನು ಎಳೆದರೆ ಅನ್ನನಾಳ ಸೀಳಬಹುದು. ಹೊರಗೆ ಕಾಣುವಷ್ಟನ್ನು ಕತ್ತರಿಸಿ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಡಾಕ್ಟರು ಅರಿವಳಿಕೆ ಕೊಟ್ಟು ಚೀಲ ಕೊಯ್ದು, ತೊಳೆದು, ಹೊಲಿದರು. ಹ್ಯಾಟೆ ಬದುಕಿತು.

ತಲೆಕೆಳಗೆ ಹಿಡಿಯುವ ಅಭ್ಯಾಸ ಕೇರಳದಲ್ಲಿ ಮಾತ್ರವಲ್ಲ, ನಮ್ಮಲ್ಲೂ ಧಾರಾಳವಾಗಿದೆ. ಕೋಳಿಗೆ ನಮ್ಮಂತೆ ವಾಂತಿ ಮಾಡುವ ಶಕ್ತಿಯಿಲ್ಲ. ಅದರ ಶ್ವಾಸನಾಳದ ಬಾಯಿ ನಾಲಿಗೆಯ ಹಿಂದೆಯೇ ತೆರೆದುಕೊಂಡಿದೆ, ಉಕ್ಕಿಬಂದ ನೀರು ನೇರ ಅಲ್ಲಿಗೆ ಇಳಿಯುತ್ತದೆ. ಚೀಲದ ತೊಂದರೆಯಿಂದ ಸಾಯುವ ಕೋಳಿಗಿಂತ ಈ ಉಪಚಾರದಲ್ಲಿ ಉಸಿರುಗಟ್ಟಿ ಸಾಯುವ ಕೋಳಿ ಬೇಗ ಸಾಯುತ್ತದೆ.

ಹಾಗಾದರೆ ಮನೆಯಲ್ಲಿ ಮಾಡಬಹುದಾದದ್ದು? ದಾರದಂಥದ್ದು ಸಿಕ್ಕಿರದೆ ಚೀಲ ಬರೀ ಗಟ್ಟಿಯಾಗಿದ್ದರೆ, ಎರಡು ತಿಂಗಳ ಹಕ್ಕಿಗೆ ಒಂದು ರಾತ್ರಿ ಮೇವು ನಿಲ್ಲಿಸಿ, ಕುಡಿಯುವ ನೀರು ಮಾತ್ರ ಇರಲಿ. ಉಗುರು ಬೆಚ್ಚಗಿನ ನೀರನ್ನೂ ಒಂದಿಷ್ಟು ಅಡುಗೆ ಎಣ್ಣೆಯನ್ನೂ ಕೊಕ್ಕಿನ ಪಕ್ಕದಲ್ಲಿ ಹನಿಹನಿಯಾಗಿ ಬಿಡಿ. ಗಂಟಲಿಗೆ ಪಿಚಕಾರಿ ಹೊಡೆಯಬೇಡಿ, ಅದಾಗಿ ನುಂಗಲಿ. ಕೊಚ್ಚಿಯಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ, ಇದಕ್ಕೂ ಅದೇ ಸಾಕು. (ಬೆಂಗಳೂರಿನ ಡಿಸೆಂಬರಿನಲ್ಲಿ ಅದು ಹೆಪ್ಪುಗಟ್ಟಿದರೆ ಚಿಂತೆಯಿಲ್ಲ, 41 ಡಿಗ್ರಿ ಬಿಸಿಯಿರುವ ಕೋಳಿಯ ಮೈಯೊಳಗೆ ಕರಗಿಯೇ ಕರಗುತ್ತದೆ. ಡ್ರಾಪರಿನಿಂದ ಹೊರಬರಬೇಕಷ್ಟೆ.) ಆಮೇಲೆ ಬೆರಳ ತುದಿಯಲ್ಲಿ ಉಂಡೆಯನ್ನು ಅಂಚಿನಿಂದ ಬಿಡಿಸಿದಂತೆ ನೀವಬೇಕು, ಹಿಂಡಬಾರದು. ಐದೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಸಡಿಲವಾದ ಮೇಲೆ ಒದ್ದೆ ಪುಡಿಮೇವು, ಬೇಯಿಸಿ ಕಿವುಚಿದ ಮೊಟ್ಟೆ, ತೀರಾ ಸ್ವಲ್ಪ. ಎರಡನೆಯ ಬೆಳಗ್ಗೆಯೂ ಉಂಡೆ ಹಾಗೇ ಇದ್ದರೆ ಮನೆಮದ್ದಿನ ಅವಧಿ ಮುಗಿಯಿತು. ಮೂರು ವಾರದೊಳಗಿನ ಮರಿಯನ್ನು ಮಾತ್ರ ಹೀಗೆ ರಾತ್ರಿಯಿಡೀ ಉಪವಾಸ ಕೆಡವಬೇಡಿ, ತಡೆಯುವುದಿಲ್ಲ.

ಇನ್ನೊಂದು ಬಗೆಯ ಚೀಲ ಗಟ್ಟಿಯಲ್ಲ, ಒತ್ತಿದರೆ ನೀರು ಅತ್ತಿತ್ತ ಹೊರಳುತ್ತದೆ. ಕೊಕ್ಕಿನ ಹತ್ತಿರ ಮೂಗು ಒಯ್ದರೆ ಮೂರು ದಿನ ಮರೆತ ಕಳ್ಳಿನ ವಾಸನೆ. ಇದು ಹುಳಿಚೀಲ. ಕ್ಯಾಂಡಿಡಾ ಎಂಬ ಬೂಷ್ಟಿನ ಜಾತಿಯ ಜೀವಿ ಚೀಲದ ಒಳಗೋಡೆಯನ್ನು ಹಿಡಿದು ಬಿಳಿಬಿಳಿ ಪದರ ಕಟ್ಟಿರುತ್ತದೆ. ಕೊಚ್ಚಿಯ ಜೂನ್ ಜುಲೈ ಇದಕ್ಕೆ ಹಬ್ಬ. ಮೇವಿನ ಮೂಟೆ ನೆಲದಲ್ಲಿ, ಗೋಡೆಗೆ ಒರಗಿ, ಬಾಯಿ ತೆರೆದುಕೊಂಡು ಇರುತ್ತದೆ. ಮೇಲಿನ ಒಂದು ಬೊಗಸೆ ಚೆನ್ನಾಗಿದೆ ಎಂದು ಕೆಳಗಿನದ್ದನ್ನು ಯಾರೂ ಮೂಸುವುದಿಲ್ಲ. ಕಟ್ಟಿನಿಂತ ಉಂಡೆಯೂ ಒಳಗೇ ಕೊಳೆತು ಇದೇ ಸ್ಥಿತಿಗೆ ಬರುವುದುಂಟು.

ಇಲ್ಲಿ ನಡೆಯುವ ದೊಡ್ಡ ಅನಾಹುತ ಆಂಟಿಬಯೋಟಿಕ್. ಕೋಳಿ ಮುದುಡಿ ಕೂತರೆ ಸಾಕು, ಅಂಗಡಿಯ ಹಳದಿ ಪುಡಿ ನೀರಿಗೆ ಬೀಳುತ್ತದೆ. ಬೂಷ್ಟಿಗೆ ಅದರಿಂದ ಏನೂ ಆಗುವುದಿಲ್ಲ, ಬೂಷ್ಟನ್ನು ಹತೋಟಿಯಲ್ಲಿಟ್ಟಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಮಾತ್ರ ಸಾಯುತ್ತವೆ. ಆಂಟಿಬಯೋಟಿಕ್‌ಗೆ ಬಗ್ಗದ ರೋಗಾಣುಗಳ ವಿರುದ್ಧ 2018ರಲ್ಲಿ ತನ್ನದೇ ಕ್ರಿಯಾಯೋಜನೆ ಮಾಡಿಕೊಂಡ ರಾಜ್ಯ ಕೇರಳ. ಆ ಎಚ್ಚರ ತಾರಸಿಯ ಗೂಡಿನವರೆಗೂ ಏರಲಿ. ಬೇಕಾದದ್ದು ಬೂಷ್ಟಿನ ಮದ್ದು, ನಿಸ್ಟಾಟಿನ್‌ನಂಥದ್ದು. ಅದನ್ನು ತೂಕ ನೋಡಿ ಡಾಕ್ಟರೇ ಬರೆಯಬೇಕು. ಹಳೆಯ ಕೋಳಿ ಪುಸ್ತಕಗಳಲ್ಲಿ ಮೈಲುತುತ್ತವನ್ನು ಎರಡು ಸಾವಿರಕ್ಕೆ ಒಂದರ ಪ್ರಮಾಣದಲ್ಲಿ ನೀರಿಗೆ ಹಾಕುವ ಉಪಾಯವಿದೆ. ಕರಾವಳಿಯ ಓದುಗರಿಗೆ ಇದು ಅಪಾಯದ ಮಾತು, ಏಕೆಂದರೆ ಅಡಕೆಗೆ ಬೋರ್ಡೊ ದ್ರಾವಣ ಹೊಡೆಯುವ ಮನೆಯಲ್ಲಿ ಮೈಲುತುತ್ತ ಚೀಲಗಟ್ಟಲೆ ಇರುತ್ತದೆ. ಒಂದು ಚಿಟಿಕೆ ಹೆಚ್ಚಾದರೆ ಅದು ಮದ್ದಲ್ಲ, ವಿಷ. ಆ ಉಪಾಯ ಪುಸ್ತಕದಲ್ಲೇ ಇರಲಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅನುಮಾನ ಹೋಗುವುದು ಚೀಲದಾಚೆಗೆ. ಬೆಳೆಯುವ ಹ್ಯಾಟೆಯ ಚೀಲ ಬೆಳಿಗ್ಗೆ ಖಾಲಿಯಾಗಿಲ್ಲವೆಂದರೆ ಬಹಳ ಸಲ ಚೀಲ ಬರೀ ಸುದ್ದಿ ಹೇಳುತ್ತಿರುತ್ತದೆ. ಹಸಿರು ಭೇದಿ, ಬಾಯಿ ತೆರೆದು ಉಸಿರು, ಕತ್ತು ತಿರುಚುವುದು ಜೊತೆಗಿದ್ದರೆ ರಾಣಿಖೇತ್. ಒಂದು ಕಾಲು ಮುಂದೆ ಒಂದು ಹಿಂದೆ ಚಾಚಿ ಮಲಗಿದರೆ ಮಾರೆಕ್ಸ್: ಚೀಲವನ್ನು ನಡೆಸುವ ನರವನ್ನೇ ಅದು ಹಿಡಿಯಬಲ್ಲದು, ನೀವಿ ಪ್ರಯೋಜನವಿಲ್ಲ. ಹಿಕ್ಕೆಯಲ್ಲಿ ರಕ್ತವಿದ್ದರೆ ಕಾಕ್ಸಿಡಿಯಾ, ಮಳೆಗಾಲದ ಒದ್ದೆ ಹಾಸಿನ ಕೊಡುಗೆ. ಮೈ ಸಣಕಲಾಗಿ ತಲೆಯ ಜುಟ್ಟು ಬಿಳಿಚಿದ್ದರೆ ಜಂತುಹುಳ. ಅರಿಸಿನ, ಸಣ್ಣ ಈರುಳ್ಳಿ ಅರೆದು ಉಂಡೆ ಕಟ್ಟಿ ನುಂಗಿಸುವ ಮಲಯಾಳಿ ಅಜ್ಜಿಯರ ಮೇಲೆ ನನಗೆ ತಕರಾರಿಲ್ಲ, ತುಂಬಿದ ಚೀಲಕ್ಕೆ ಇನ್ನೊಂದು ಉಂಡೆ ತುರುಕದಿದ್ದರೆ ಆಯಿತು. ಒಂದರ ಹಿಂದೆ ಒಂದು ಸಾಯತೊಡಗಿದರೆ ಚೀಲ ಒತ್ತುತ್ತ ಕೂರಬೇಡಿ. ಕುಟ್ಟನಾಡಿನ ಬಾತುಗಳಲ್ಲಿ 2014ರಲ್ಲಿ ಹಕ್ಕಿಜ್ವರ ಕಂಡ ಮೇಲೆ ಅದು ಆ ಸೀಮೆಗೆ ಮತ್ತೆ ಮತ್ತೆ ಬಂದಿದೆ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟದೆ ಮೊದಲು ಪಶು ಆಸ್ಪತ್ರೆಗೆ ತಿಳಿಸಬೇಕು. ತಿರುವನಂತಪುರ ಜಿಲ್ಲೆಯ ಪಾಲೋಡಿನಲ್ಲಿ ಪಶುರೋಗ ಪತ್ತೆಯ ರಾಜ್ಯ ಸಂಸ್ಥೆಯೇ ಇದೆ.

ಒಂದು ದಿನದ ಮರಿ ತರುವವರಿಗೂ ಬೆರಳ ಕೆಲಸವಿದೆ. ದೊಡ್ಡ ಫಾರ್ಮುಗಳಲ್ಲಿ ಮರಿ ಇಳಿಸಿದ 24 ಗಂಟೆಯೊಳಗೆ ನೂರಕ್ಕೆ 95ಕ್ಕಿಂತ ಹೆಚ್ಚು ಮರಿಗಳ ಚೀಲ ತುಂಬಿರಬೇಕೆಂದು ಮುಟ್ಟಿ ಎಣಿಸುತ್ತಾರೆ. ಮೃದುವಾಗಿ ತುಂಬಿದ್ದರೆ ಮೇವೂ ನೀರೂ ಸಿಕ್ಕಿವೆ. ಗಟ್ಟಿಯಿದ್ದರೆ ನೀರು ಸಿಕ್ಕಿಲ್ಲ. ನೀರೇ ತುಂಬಿದ್ದರೆ ಮೇವು ಸಿಕ್ಕಿಲ್ಲ. ಮರದ ಹೊಟ್ಟು ಹಾಸಿದ್ದರೆ ಮೊದಲ ಮೂರು ನಾಲ್ಕು ದಿನ ಮೇಲೆ ದಿನಪತ್ರಿಕೆ ಹರಡಿ, ಇಲ್ಲವಾದರೆ ಹೊಟ್ಟನ್ನೇ ಮೇವೆಂದು ತಿಂದು ಚೀಲ ಕಟ್ಟಿಕೊಳ್ಳುತ್ತವೆ.

ಕೊನೆಗೆ ಜೋಲುಚೀಲ. ಒಮ್ಮೆ ಮಿತಿಮೀರಿ ಹಿಗ್ಗಿದ ಸ್ನಾಯು ಮತ್ತೆ ಬಿಗಿಯುವುದಿಲ್ಲ, ಚೀಲ ಎದೆಯ ಮುಂದೆ ತೂಗಾಡುತ್ತದೆ. ಬಟ್ಟೆಯ ಪಟ್ಟಿ ಕಟ್ಟಿ ಎತ್ತಿಹಿಡಿಯಬಹುದು, ಪಟ್ಟಿ ಉಜ್ಜಿ ಹುಣ್ಣಾಗದಂತೆ ದಿನವೂ ನೋಡಬೇಕು. ದಿನಕ್ಕೆ ನಾಲ್ಕು ಸಲ ಸ್ವಲ್ಪಸ್ವಲ್ಪ ಒದ್ದೆಮೇವು ಕೊಟ್ಟರೆ ಇಂಥ ಹ್ಯಾಟೆ ಮುಂದೆ ಮೊಟ್ಟೆಯನ್ನೂ ಇಟ್ಟೀತು. ಟರ್ಕಿ ಕೋಳಿಗಳಲ್ಲಿ ಈ ತೊಂದರೆ ವಂಶದಲ್ಲಿ ಹರಿಯುವುದು ಗೊತ್ತಿರುವ ಸಂಗತಿ, ಆದ್ದರಿಂದ ಅದರ ಮೊಟ್ಟೆಯನ್ನು ಆಮ್ಲೆಟ್ಟಿಗೆ ಇಟ್ಟುಕೊಳ್ಳಿ, ಕಾವಿಗೆ ಇಡಬೇಡಿ.