ಮರದಚ್ಚಿನಲ್ಲಿ ಮೂಡಿದ ಭಾರತ

ಜಪಾನಿನ ಚಿತ್ರಕಾರ ಯೊಶಿದ ಹಿರೋಶಿ (1876-1950) ಮಗ ತೋಷಿಯೊಡನೆ 1930ರ ಕೊನೆಯಲ್ಲಿ ಭಾರತಯಾತ್ರೆಯನ್ನು ಕೈಕೊಂಡನು. ಮರಳಿದ ಮೇಲೆ 1931 ಮತ್ತು 1932ರಲ್ಲಿ ಅವನ ಕಾರ್ಯಾಗಾರದಿಂದ ಹೊರಬಂದ ಮರದಚ್ಚಿನ ಚಿತ್ರಗಳಲ್ಲಿ ತಾಜಮಹಲು, ಫತೇಪುರ ಸಿಕ್ರಿ, ಅಮೃತಸರದ ಸ್ವರ್ಣಮಂದಿರ, ಕಾಂಚನಗಂಗೆ, ಮಧುರೆಯ ದೇವಾಲಯ, ಅಜಂತಾ, ಎಲ್ಲೋರಗಳು ಸೇರಿವೆ. ನೋಡಿದವರು ಮೊದಲು ಮೆಚ್ಚುವುದು ಅವುಗಳ ಬಣ್ಣದ ಮಾರ್ದವವನ್ನು. ಮೆಚ್ಚುಗೆ ಸಹಜವೇ. ಆದರೆ ಈ ಚಿತ್ರಗಳು ಹುಟ್ಟಿದ ಬಗೆಯನ್ನು ಅರಿಯದೆ ಅವುಗಳ ಬೆಲೆ ಕಟ್ಟಲು ಬಾರದು.

ಜಪಾನೀ ಪದ್ಧತಿಯಲ್ಲಿ ಯಂತ್ರವಿಲ್ಲ, ಎಣ್ಣೆಬಣ್ಣವಿಲ್ಲ. ತೆಳುಕಾಗದದಲ್ಲಿ ಬರೆದ ರೇಖಾಚಿತ್ರವನ್ನು ಚೆರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆಗಳನ್ನು ಉಳಿಸಿಕೊಂಡು ಮಿಕ್ಕುದನ್ನು ಕೆತ್ತಿ ತೆಗೆಯುವರು. ಬಣ್ಣಗಳಿಗೆ ಬೇರೆ ಬೇರೆ ಹಲಗೆಗಳು. ನೀರಿನಲ್ಲಿ ಕಲಸಿದ ಬಣ್ಣಕ್ಕೆ ಅಕ್ಕಿಯ ಅಂಟನ್ನು ಕೂಡಿಸಿ ಕುಂಚದಿಂದ ಹಲಗೆಗೆ ಸವರಿ, ತೇವದ ಕಾಗದವನ್ನು ಹಾಸಿ, ಬಿದಿರ ಹೊದಿಕೆಯ 'ಬಾರೆನ್' ಎಂಬ ಗುಂಡುಬಿಲ್ಲೆಯಿಂದ ಕಾಗದದ ಬೆನ್ನನ್ನು ಉಜ್ಜಬೇಕು. ತೇವ ಆರಿದರೆ ಕಾಗದ ಕುಗ್ಗುವುದು. ಹೆಚ್ಚಿದರೆ ಬಣ್ಣ ಹರಡುವುದು. ಹಲಗೆಯಲ್ಲಿ ಕೊರೆದ 'ಕೆಂತೊ' ಗುರುತಿಗೆ ಕಾಗದದ ಮೂಲೆ ಹೊಂದದೆಹೋದರೆ ಅದುವರೆಗೆ ಒತ್ತಿದ ಬಣ್ಣಗಳೆಲ್ಲ ನೀರಿನಲ್ಲಿ ಮಾಡಿದ ಹೋಮ.

ಹಳೆಯ ರೂಢಿಯಲ್ಲಿ ಬರೆಯುವವನೊಬ್ಬ, ಕೆತ್ತುವವನೊಬ್ಬ, ಒತ್ತುವವನು ಮತ್ತೊಬ್ಬ; ಎಲ್ಲರ ಮೇಲೆ ಪ್ರಕಾಶಕ. ಯೊಶಿದನೂ 1920ರಲ್ಲಿ ವತನಬೆ ಶೋಜಬುರೊ ಎಂಬ ಪ್ರಕಾಶಕನಿಗಾಗಿಯೇ ಈ ಕೆಲಸವನ್ನು ಆರಂಭಿಸಿದ್ದನು. 1923ರ ಭೂಕಂಪದ ಬೆಂಕಿಯಲ್ಲಿ ವತನಬೆಯ ಅಂಗಡಿ, ಹಲಗೆಗಳೊಡನೆ ಸುಟ್ಟುಹೋಯಿತು. 1925ರಲ್ಲಿ ಯೊಶಿದ ಸ್ವಂತ ಕಾರ್ಯಾಗಾರವನ್ನು ತೆರೆದನು. ಕೆತ್ತುವುದನ್ನೂ ಒತ್ತುವುದನ್ನೂ ತಾನೇ ಕಲಿತು, ಕುಶಲಕರ್ಮಿಗಳನ್ನು ತನ್ನ ಕಣ್ಣಮುಂದೆ ದುಡಿಸಿ, ಚಿತ್ರದ ಅಂಚಿನಲ್ಲಿ 'ಜಿಜುರಿ' ಎಂಬ ಮುದ್ರೆಯನ್ನೊತ್ತಿದನು. 'ಸ್ವಯಂಮುದ್ರಿತ' ಎಂಬುದು ಅದರ ಅರ್ಥ.

ಈ ಮಾತು ಎಷ್ಟರಮಟ್ಟಿಗೆ ನಿಜ? ಒಬ್ಬನೇ ಬರೆದು, ಕೆತ್ತಿ, ಒತ್ತಬೇಕೆಂದು ಹಟಹಿಡಿದ ಒಂಚಿ ಕೋಶಿರೊ ಮೊದಲಾದವರ ಅಳತೆಗೋಲಿನಿಂದ ಅಳೆದರೆ ಇದು ಅತ್ಯುಕ್ತಿಯೇ ಸರಿ. ಯೊಶಿದ 1939ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥ ಈ ಕಸುಬನ್ನು ಉಳಿಯ ಹಿಡಿತದಿಂದ ಹಿಡಿದು ಬಿಡಿಸಿ ಹೇಳುತ್ತದೆ. ಕಸುಬನ್ನು ಒಳಗಿನಿಂದ ಬಲ್ಲವನಲ್ಲದೆ ಅನ್ಯನು ಅದನ್ನು ಬರೆಯಲಾರ. ಮೇಲ್ವಿಚಾರಣೆಯೂ ಕರ್ತೃತ್ವವೇ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಎಲ್ಲೋರದ ಕೈಲಾಸವನ್ನು ರಾಷ್ಟ್ರಕೂಟ ಕೃಷ್ಣನ ಕೃತಿಯೆಂದೇ ನಾಡು ಕರೆಯುತ್ತದೆ, ಉಳಿ ಹಿಡಿದವರ ಹೆಸರು ಯಾರಿಗೂ ಬೇಕಾಗಿಲ್ಲ. ಆದರೆ ಕೃಷ್ಣನು ತಾನೇ ಕೆತ್ತಿದೆನೆಂದು ಮುದ್ರೆಯೊತ್ತಲಿಲ್ಲ!

ಯೊಶಿದನ ನಿಜವಾದ ಸಿದ್ಧಿ ಬೆಳಕಿನದು. 1926ರ ಹಾಯಿದೋಣಿಗಳ ಮಾಲೆಯಲ್ಲಿ ಅವೇ ಹಲಗೆಗಳಿಗೆ ಬೇರೆ ಬಣ್ಣ ಹಚ್ಚಿ ಬೆಳಗನ್ನೂ ಮಂಜನ್ನೂ ಇರುಳನ್ನೂ ತೋರಿದ್ದನು. ತಾಜಮಹಲಿನ ಉದ್ಯಾನವೂ ಹಾಗೆಯೇ ಹಗಲಾಗಿ, ಇರುಳಾಗಿ ಎರಡು ಸಲ ಹುಟ್ಟಿದೆ. ಗೆರೆ ಬದಲಾಗದೆ ಹೊತ್ತು ಬದಲಾಗುವ ಈ ವಿಸ್ಮಯ ಕುಂಚದ ಚಿತ್ರಕ್ಕೆ ಎಟುಕುವಂಥದಲ್ಲ.

ಕೊರತೆ ಬೇರೊಂದೆಡೆ ಇದೆ. ಅವನು ಬಂದುದು ಉಪ್ಪಿನ ಸತ್ಯಾಗ್ರಹದ ವರ್ಷದಲ್ಲಿ. ಸೆರೆಮನೆಗಳು ತುಂಬಿದ್ದ ಕಾಲ. ಅದರ ನೆರಳೂ ಈ ಮಾಲೆಯಲ್ಲಿ ಬಿದ್ದಿಲ್ಲ. ರಾಜಕಾರಣವನ್ನು ಚಿತ್ರಿಸಬೇಕೆಂಬ ಕಟ್ಟಳೆ ಪ್ರವಾಸಿಗಿಲ್ಲವೆಂಬುದು ಒಪ್ಪತಕ್ಕ ಮಾತೇ. ಆದರೆ ಅನೇಕ ಚಿತ್ರಗಳಲ್ಲಿ ಭಾರತದ ಮನುಷ್ಯನು ಕಟ್ಟಡದ ಎತ್ತರವನ್ನು ಅಳೆಯುವ ಗೂಟವಾಗಿಯೋ ಬಣ್ಣದ ಒಂದು ಚುಕ್ಕೆಯಾಗಿಯೋ ನಿಂತಿದ್ದಾನೆ. ಕಾಂಚನಗಂಗೆಗೆ ಸಂದ ತಾಳ್ಮೆ ಮುಖಗಳಿಗೆ ಸಂದಿಲ್ಲ. ಫತೇಪುರ ಸಿಕ್ರಿಯ ಚಿತ್ರ ಮಾತ್ರ ಬೇರೆ: ಜಾಲಂಧ್ರದಿಂದ ಸೋಸಿ ಬಂದ ಹೊಂಬೆಳಕು, ಅದರ ಮುಂದೆ ಕುಳಿತ ಮನುಷ್ಯರು. ಅಲ್ಲಿ ಅವರನ್ನು ತೆಗೆದುಬಿಟ್ಟರೆ ಬೆಳಕಿಗೂ ಅರ್ಥ ಉಳಿಯುವುದಿಲ್ಲ.