ವಾಲಿದ ಕಂಬಗಳ ಚರ್ಚು

ಫ್ರಾನ್ಸಿನ ಬರ್ಗಂಡಿ ಸೀಮೆಯ ಶಾಪೇಜ್ ಒಂದು ಪುಟ್ಟ ಹಳ್ಳಿ. ಅಲ್ಲಿನ ಸೇಂಟ್ ಮಾರ್ಟಿನ್ ಚರ್ಚಿನ ಗೋಪುರ ಮಾತ್ರ ಸುಮಾರು 35 ಮೀಟರ್ ಎತ್ತರ. ಊರಿನ ಗಾತ್ರಕ್ಕೆ ಅದು ಅತಿಯಾಯಿತು ಅನ್ನಿಸುತ್ತದೆ. ಮೊದಲು ಇದು ಸನ್ಯಾಸಿಗಳ ಮಠದ ಚರ್ಚಾಗಿತ್ತು ಎಂದು ತಿಳಿದಾಗ ಒಗಟು ಬಿಚ್ಚಿಕೊಳ್ಳುತ್ತದೆ.

ನನ್ನ ಮೆಚ್ಚುಗೆ ಒಳಗಿನ ಕಂಬಗಳಿಗೆ. ಅವು ದುಂಡಗೆ, ದಪ್ಪಗೆ ಇವೆ. ಸುತ್ತಿಗೆಯಿಂದ ಒರಟಾಗಿ ಒಡೆದ ಸಣ್ಣ ಕಲ್ಲುಗಳನ್ನು ಗಾರೆಯಲ್ಲಿ ಕೂರಿಸಿ ಎಬ್ಬಿಸಿದವು, 11ನೇ ಶತಮಾನದ ಮೊದಲ ಭಾಗದ ಕೆಲಸ. ಆದರೆ ನೆಟ್ಟಗೆ ನಿಂತಿಲ್ಲ, ಹೊರಕ್ಕೆ ವಾಲಿವೆ. ಮೇಲಿದ್ದ ಕಲ್ಲಿನ ಕಮಾನು ಛಾವಣಿ ಅವನ್ನು ಒತ್ತಿ ಒತ್ತಿ ಕಡೆಗೆ ತಾನೇ ಕುಸಿದುಬಿತ್ತು. 12ನೇ ಶತಮಾನದ ಕೆಲಸಗಾರರು ಕಂಬಗಳನ್ನು ಬಿಚ್ಚುವ ಗೊಡವೆಗೆ ಹೋಗದೆ, ಅವುಗಳ ಮೇಲೆಯೇ ಚೂಪು ಕಮಾನಿನ ಛಾವಣಿ ಹೊದಿಸಿದರು. ಚೂಪು ಕಮಾನು ಪಕ್ಕಕ್ಕೆ ತಳ್ಳುವುದು ಕಡಿಮೆ. ಜುಗ್ಗತನವೋ ಜಾಣತನವೋ, ಅದು ಇನ್ನೂ ನಿಂತಿದೆ.

ಕಾಲ ಗುರುತಿಸುವವರಿಗೆ ಈ ಕಮಾನೇ ಸುಳಿವು. ಹತ್ತಿರದ ಕ್ಲೂನಿಯಲ್ಲಿ 1088ರಲ್ಲಿ ಶುರುವಾದ ಮಹಾಚರ್ಚು ಚೂಪು ಕಮಾನನ್ನು ದೊಡ್ಡದಾಗಿ ಬಳಸಿತು; ಹಾಗಾಗಿ ಶಾಪೇಜ್‌ನ ಛಾವಣಿ ಅದಕ್ಕಿಂತ ಈಚಿನದು ಎಂದು ಊಹಿಸಬಹುದು. ಇಂಥ ಕಡೆ ಕಲ್ಲಿನ ಗಾತ್ರ, ಉಳಿಯ ಗುರುತು, ಎರಡು ಕಾಲದ ಗೋಡೆಗಳು ಕೂಡುವ ಗೆರೆ, ಇವೆಲ್ಲ ಸಾಕ್ಷಿಗಳೇ. ಗಾರೆಯೊಳಗೆ ಸಿಕ್ಕಿಕೊಂಡ ಇದ್ದಿಲ ಚೂರು ಸಿಕ್ಕರೆ ಇಂಗಾಲ ಪರೀಕ್ಷೆಯೂ ಆಗುತ್ತದೆ. ಅದರಲ್ಲೂ ಸಿಗುವುದು ಇಂತಿಷ್ಟು ದಶಕಗಳ ಅಂದಾಜು, ಇಸವಿಯಲ್ಲ.